ಇಂದಿನ ಧಮ್ಮ ಚಿಂತನೆ: ಜೇನ್ ಆಡಮ್ಸ್



ಕೊಲಂಬಿಯಾದಲ್ಲಿ ಬಾಬಾಸಾಹೇಬರಿಗೆ ಪಾಠ ಹೇಳಿದ ಜಾನ್ ಡ್ಯೂಯಿ ತಮ್ಮ ಒಬ್ಬ ಮಗಳಿಗೆ ಜೇನ್ ಎಂದು ಹೆಸರಿಟ್ಟರು. ಅದು ಅವರ ಸ್ನೇಹಿತೆ ಜೇನ್ ಆಡಮ್ಸ್ ಅವರ ಹೆಸರು.

ಈ ಜೇನ್ 1860ರಲ್ಲಿ ಅಮೆರಿಕದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ, ಉಳ್ಳವರ ಮನೆಯಲ್ಲಿ ಹುಟ್ಟಿದರು. ಎರಡನೇ ವಯಸ್ಸಿಗೇ ತಾಯಿ ತೀರಿಕೊಂಡರು. ಬೆನ್ನುಮೂಳೆಗೆ ಕ್ಷಯ ತಗುಲಿ ಬೆನ್ನು ಬಾಗಿತು. 1881ರಲ್ಲಿ ತಂದೆಯೂ ಹೋದರು. ಡಾಕ್ಟರಾಗಲು ಹೊರಟವರು ಕಾಯಿಲೆಯಿಂದ ಓದು ಬಿಟ್ಟು, ಹಲವು ವರ್ಷ ಮನಸ್ಸು ಕುಸಿದು ಕಳೆದರು. ದುಃಖವನ್ನು ಪುಸ್ತಕದಿಂದ ಕಲಿತವರಲ್ಲ.

1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೋದ ಬಡವರ ಬೀದಿಯಲ್ಲಿ ಹಳೆಯ ಮನೆ ಹಿಡಿದು ಅಲ್ಲೇ ವಾಸಕ್ಕೆ ಹೋದರು. ಅದೇ ಹಲ್ ಹೌಸ್. ಸುತ್ತಲೂ ಹೊಟ್ಟೆಪಾಡಿಗೆ ಬಂದ ಇಟಲಿ, ಗ್ರೀಸ್ ದೇಶದವರು, ರಷ್ಯಾದ ಹಿಂಸೆಗೆ ಹೆದರಿ ಬಂದ ಯಹೂದಿಗಳು. ಶಿಶುವಿಹಾರ, ರಾತ್ರಿ ತರಗತಿ, ಸ್ನಾನಗೃಹ ಎಲ್ಲ ಬಂದವು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ 1900ರಲ್ಲಿ ಅಲ್ಲಿ ತೆರೆದ ದುಡಿಮೆಯ ವಸ್ತುಸಂಗ್ರಹಾಲಯ.

ಒಬ್ಬ ಇಟಾಲಿಯನ್ ಹುಡುಗಿ ತಾಯಿಯ ಜೊತೆ ಬಂದರೂ ಒಳಗೆ ಹೋಗುತ್ತಿದ್ದದ್ದು ಬೇರೆ ಬಾಗಿಲಿನಿಂದ. ತಲೆಗೆ ವಸ್ತ್ರ ಕಟ್ಟಿದ ಹಳ್ಳಿ ಹೆಂಗಸು ತನ್ನವ್ವ ಎಂದು ಗೆಳತಿಯರಿಗೆ ಗೊತ್ತಾಗಬಾರದು! ಒಂದು ಸಂಜೆ, ಶಿಕ್ಷಕರ ಗುಂಪೊಂದು ಕದಿರಿನಲ್ಲಿ ನೂಲು ತೆಗೆಯುತ್ತಿದ್ದ ಆ ತಾಯಿಯನ್ನು ಸುತ್ತುವರಿದು ಮೆಚ್ಚುತ್ತಿದ್ದುದನ್ನು ಮಗಳು ಕಂಡಳು. ತಾಯಿ ಊರಿನಲ್ಲಿ ಹೇಗಿದ್ದಳು, ಬಂದು ಏನೇನು ಕಳೆದುಕೊಂಡಳು ಎಂದು ಜೇನ್ ಬಿಡಿಸಿ ಹೇಳಿದರು. ಮುಂದೆ ಮಗಳು ತಾಯಿಯ ಬಾಗಿಲಿನಿಂದಲೇ ಬಂದಳು.

ಇಲ್ಲಿ ನನಗೊಂದು ತಕರಾರಿತ್ತು. ಜಾತಿ ಹೇರಿದ ಕೆಲಸವನ್ನು ಕಲೆ ಎಂದು ಹೊಗಳಿ ನಮ್ಮನ್ನು ಅಲ್ಲೇ ಕೂರಿಸುವವರನ್ನು ಕಂಡಿದ್ದೇವೆ. ಆದರೆ ಜೇನ್ ಆ ಹುಡುಗಿಗೆ ಕದಿರು ಹಿಡಿ ಎನ್ನಲಿಲ್ಲ, ತಾಯಿಯನ್ನು ನೋಡು ಎಂದರು ಅಷ್ಟೆ. ನನ್ನಪ್ಪ ತಮಟೆ ಕಾಯಿಸಲು ಬೆಂಕಿ ಹಾಕಿ ಕೂತಾಗ ನಾನು ಹಿತ್ತಲ ದಾರಿಯಿಂದ ಶಾಲೆಗೆ ಹೋಗುತ್ತಿದ್ದೆ. ತಮಟೆ ಬಿಟ್ಟದ್ದು ಸರಿ. ಅಪ್ಪನನ್ನು ತಪ್ಪಿಸಿಕೊಂಡು ನಡೆದದ್ದು?

ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ ಜೇನ್ ದೇಶದ್ರೋಹಿ ಎನಿಸಿಕೊಂಡರು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1935ರ ಮೇ 21ರಂದು ತೀರಿಕೊಂಡಾಗ, ಕೊನೆಯ ದರ್ಶನಕ್ಕೆ ಸಾವಿರಾರು ಜನ ಹಲ್ ಹೌಸಿಗೇ ಬಂದರು.