ವಿಮಾನ ಸಾಹಸಿ ಬೆಸಿ ಕೋಲ್ಮನ್

ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಮೈಸೂರು ಅರಸರ ಕಾಲಕ್ಕೆ ಹುಟ್ಟಿದ ಸರಕಾರಿ ವಿಮಾನ ಚಾಲನಾ ತರಬೇತಿ ಶಾಲೆಯೊಂದಿದೆ. 1949ರಲ್ಲಿ ಆ ಶಾಲೆಯಿಂದ ಮೊತ್ತಮೊದಲು ತೇರ್ಗಡೆಯಾದವರು ಉಷಾ ಸುಂದರಂ ಎಂಬ ಮಹಿಳೆ. ಕನ್ನಡ ನಾಡಿನ ಮಟ್ಟಿಗೆ ಇದು ಹೆಮ್ಮೆಯ ಸಂಗತಿ. ಆದರೆ ಅವರ ಪತಿ ಸುಂದರಂ ಅವರು ತಾವೇ ವಿಮಾನ ಚಾಲಕರು. ಗುರು ಮನೆಯಲ್ಲೇ ಇದ್ದರು. ಮನೆಯಲ್ಲಿ ಗುರುವಿಲ್ಲದೆ, ಕೈಯಲ್ಲಿ ಕಾಸಿಲ್ಲದೆ, ಸಾಲದ್ದಕ್ಕೆ ದೇಶದ ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡಿರುವಾಗ ಒಬ್ಬಳು ಹೆಣ್ಣುಮಗಳು ಹಾರಲು ಕಲಿಯಬಹುದೇ? ಕಲಿತಳು. ಆಕೆಯ ಹೆಸರು ಬೆಸಿ ಕೋಲ್ಮನ್. ಆಕೆಯ ಜೀವನವನ್ನು ನಾನು ಓದಿದಾಗ ಸಾಹಸಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಆ ಕಲಿಕೆಯ ಖರ್ಚು. ಗಲ್ಫ್ ದೇಶಗಳಿಗೆ ದುಡಿಯಲು ಹೋದವರಿರುವ ನಮ್ಮ ಹೆಬಳೆ, ಭಟ್ಕಳದ ಕಡೆಯಲ್ಲಿ ವಿಮಾನದ ಟಿಕೇಟಿನ ದರ ಸಣ್ಣ ಮಕ್ಕಳಿಗೂ ಗೊತ್ತು. ಆ ವಿಮಾನದ ಮುಂದಿನ ಪೀಠದಲ್ಲಿ ಕೂತವನು ಕಲಿಯುವುದಕ್ಕೆ ಎಷ್ಟು ತೆತ್ತನೆಂದು ಯಾರೂ ಕೇಳಿದ್ದಿಲ್ಲ. ಇಂದು ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಪರವಾನಿಗೆಗೆ 200 ಗಂಟೆಗಳ ಹಾರಾಟ ಬೇಕು; ಅದರ ಲೆಕ್ಕ ಹತ್ತಾರು ಲಕ್ಷಗಳಲ್ಲಿ ನಡೆಯುತ್ತದೆ.

ಬೆಸಿಯು ಅಮೇರಿಕೆಯ ಟೆಕ್ಸಸ್ ಪ್ರಾಂತದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ 1892ನೆಯ ಜನವರಿ 26ರಂದು ಜನಿಸಿದಳು. ಹದಿಮೂರು ಮಕ್ಕಳಲ್ಲಿ ಹತ್ತನೆಯವಳು. ತಂದೆ ಜಾರ್ಜ್, ತಾಯಿ ಸೂಸನ್ ಇಬ್ಬರೂ ಕಪ್ಪು ಜನಾಂಗದವರು. ತಂದೆಯಲ್ಲಿ ಚೆರೋಕೀ ಮೂಲನಿವಾಸಿಗಳ ರಕ್ತವೂ ಇತ್ತು. ನಮ್ಮ ಕಡೆಯ ಹಿಂದಿನ ಗೇಣಿ ಒಕ್ಕಲುಗಳಂತೆ ಪರರ ಭೂಮಿಯಲ್ಲಿ ಹತ್ತಿ ಬೆಳೆದು ಪಾಲು ಕೊಡುವ ಬದುಕು. ಅವಳು ಎರಡು ವರ್ಷದವಳಿದ್ದಾಗ ಕುಟುಂಬ ವಾಕ್ಸಹಾಚಿ ಎಂಬ ಊರಿಗೆ ಬಂತು. ವರ್ಣದ್ವೇಷದಿಂದ ಬೇಸತ್ತ ತಂದೆ 1901ರಲ್ಲಿ ಓಕ್ಲಹೋಮಾದತ್ತ ಹೊರಟುಹೋದನು. ತಾಯಿ ಜೊತೆಗೆ ಹೋಗಲೊಪ್ಪದೆ ಬೇರೆಯವರ ಮನೆಯ ಅಡಿಗೆ ಮಾಡಿ ಮಕ್ಕಳನ್ನು ಸಾಕಿದಳು.

ಶಾಲೆ ನಾಲ್ಕು ಮೈಲು ದೂರ. ಎಲ್ಲ ತರಗತಿಗಳಿಗೂ ಸೇರಿ ಒಂದೇ ಕೋಣೆ. ಹತ್ತಿ ಬಿಡಿಸುವ ಕಾಲ ಬಂದರೆ ಆ ಕೋಣೆಗೂ ಬೀಗ. ನಸುಕಿಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು, ಮಾಲೆ ಕಟ್ಟಿಕೊಟ್ಟು ಆಮೇಲೆ ಶಾಲೆಗೆ ಓಡುವ ಹೆಬಳೆಯ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಸಿಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಪರರ ಬಟ್ಟೆ ಒಗೆದು ಕೂಡಿಟ್ಟ ಹಣದಿಂದ 1910ರಲ್ಲಿ ಓಕ್ಲಹೋಮಾದ ಲ್ಯಾಂಗ್‌ಸ್ಟನ್ ಎಂಬಲ್ಲಿದ್ದ ಕರಿಯರ ವಿಶ್ವವಿದ್ಯಾಲಯವನ್ನು ಸೇರಿದಳು. ಹಣ ಒಂದೇ ಅವಧಿಗೆ ಮುಗಿಯಿತು. ಪುನಃ ಊರು, ಪುನಃ ಬಟ್ಟೆಯ ಗಂಟು.

1915ರಲ್ಲಿ ಅಣ್ಣನಿದ್ದ ಶಿಕಾಗೋ ನಗರಕ್ಕೆ ಬಂದಳು. ಅಲ್ಲಿ ಕ್ಷೌರದಂಗಡಿಯೊಂದರಲ್ಲಿ ಗಿರಾಕಿಗಳ ಉಗುರು ತಿದ್ದಿ ಹೊಳಪು ಕೊಡುವ ಕೆಲಸ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಬಂದಿದ್ದ ಇನ್ನೊಬ್ಬ ಅಣ್ಣ ಜಾನ್, ಅಲ್ಲಿಯ ಹೆಂಗಸರು ವಿಮಾನ ಹಾರಿಸುತ್ತಾರೆ, ನಿಮ್ಮಿಂದ ಅದು ಆದೀತೇ ಎಂದು ಅಂಗಡಿಯಲ್ಲೇ ತಂಗಿಯನ್ನು ಹಂಗಿಸಿದನಂತೆ. ಬೆಸಿ ಅದನ್ನೇ ಹಟವಾಗಿ ಹಿಡಿದಳು.

ಆದರೆ ಅಮೇರಿಕೆಯ ಒಂದು ವಿಮಾನ ಶಾಲೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಹೆಣ್ಣು ಎಂಬುದು ಒಂದು ಕೊರತೆ, ಕಪ್ಪು ಬಣ್ಣ ಇನ್ನೊಂದು. ಶಿಕಾಗೋದ ಕರಿಯರ ದೊಡ್ಡ ಪತ್ರಿಕೆ ‘ಡಿಫೆಂಡರ್’ನ ಸಂಪಾದಕ ರಾಬರ್ಟ್ ಅಬಟ್ ಆಕೆಗೆ ಫ್ರಾನ್ಸಿಗೆ ಹೋಗುವಂತೆ ಸಲಹೆಯಿತ್ತನು. ಫ್ರಾನ್ಸಿನಲ್ಲಿ ಕಲಿಯಬೇಕಾದರೆ ಫ್ರೆಂಚ್ ಬರಬೇಕು. ಹೀಗಾಗಿ ವಿಮಾನಕ್ಕಿಂತ ಮೊದಲು ಭಾಷೆಯ ಪಾಠಕ್ಕೆ ಶುಲ್ಕ ತೆರಬೇಕಾಯಿತು. ಉಗುರು ತಿದ್ದುವ ಸಂಪಾದನೆ ಸಾಲದೆ ಒಂದು ಖಾನಾವಳಿಯ ಮೇಲ್ವಿಚಾರಣೆಯನ್ನು ವಹಿಸಿಕೊಂಡಳು. ಅಬಟ್ಟನೂ, ಜೆಸ್ಸಿ ಬಿಂಗಾ ಎಂಬ ಕರಿಯ ಬ್ಯಾಂಕಿನ ಒಡೆಯನೂ ಧನಸಹಾಯ ಮಾಡಿದರು. 1920ರ ನವೆಂಬರ್ 20ರಂದು ನ್ಯೂಯಾರ್ಕಿನಲ್ಲಿ ಹಡಗು ಹತ್ತಿದಳು. ಇಷ್ಟು ಖರ್ಚಾಗುವ ತನಕ ಅವಳು ಒಂದು ಗಜವೂ ಹಾರಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಬಿಳಿಯ ಹುಡುಗನಾಗಿದ್ದರೆ ಶುಲ್ಕದ ಹಣ ಹಿಡಿದು ಪಕ್ಕದ ಊರಿನ ಶಾಲೆಗೆ ಹೋಗಿಬಿಡುತ್ತಿದ್ದನು. ಇವಳಿಗೆ ಮಾತ್ರ ಶುಲ್ಕ ಕಟ್ಟುವ ಕಟ್ಟೆಯವರೆಗೆ ತಲುಪುವುದಕ್ಕೇ ಸಮುದ್ರ ದಾಟುವಷ್ಟು ವೆಚ್ಚ.

ಉತ್ತರ ಫ್ರಾನ್ಸಿನ ಸೋಮ್ ನದಿಯ ಮುಖದಲ್ಲಿರುವ ಲ ಕ್ರೊಟ್ವಾ ಎಂಬ ಕಡಲೂರಿನಲ್ಲಿ ಕೋದ್ರೋನ್ ಸಹೋದರರ ಶಾಲೆ ಹೆಸರಾಗಿತ್ತು. ಹತ್ತು ತಿಂಗಳ ಪಾಠಕ್ರಮವನ್ನು ಬೆಸಿ ಏಳೇ ತಿಂಗಳಲ್ಲಿ ಮುಗಿಸಿದಳು. ಬಿಡಾರದಿಂದ ಶಾಲೆಗೆ ಒಂಬತ್ತು ಮೈಲು. ದಿನಾ ನಡೆದೇ ಹೋಗುತ್ತಿದ್ದಳು. ಊರಿನಲ್ಲಿ ನಾಲ್ಕು ಮೈಲು ನಡೆದ ಕಾಲುಗಳಿಗೆ ಅದು ತೀರ ಹೊಸತಲ್ಲ. ಕಲಿಯುವ ವಿಮಾನ ‘ನ್ಯೂಪೋರ್ 82’. ಮರದ ಹಂದರಕ್ಕೆ ಬಟ್ಟೆ ಬಿಗಿದ, ಎರಡು ಜೊತೆ ರೆಕ್ಕೆಗಳ ಯಂತ್ರ. ತಿರುಗಿಸುವ ಚಕ್ರವಿಲ್ಲ, ಬ್ರೇಕಿಲ್ಲ. ಕೈಗೊಂದು ಕೋಲು, ಕಾಲಿಗೊಂದು ಅಡ್ಡಪಟ್ಟಿ. ಅಷ್ಟರಿಂದಲೇ ಏರಬೇಕು, ವಾಲಬೇಕು, ಇಳಿಯಬೇಕು. ಎಂಜಿನಿನ ಆರ್ಭಟದಲ್ಲಿ ಗುರುವಿನ ಮಾತು ಕೇಳುವಂತಿಲ್ಲ. ಮುಂದೆ ಕೂತ ಆತ ತನ್ನ ಕೋಲನ್ನು ಅಲುಗಿಸಿದಂತೆ ಇವಳ ಮುಂದಿನ ಕೋಲೂ ಅಲುಗುವುದು. ಅದನ್ನು ನೋಡಿ ತಿಳಿದುಕೊಳ್ಳಬೇಕು. ಉಪನ್ಯಾಸವಿಲ್ಲದ ಪಾಠವೆಂದರೆ ಇದೇ ಇರಬೇಕು. ಆ ಯಂತ್ರವೂ ನೆಚ್ಚುವಂಥದ್ದಲ್ಲ. ಪ್ರತಿ ಸಲವೂ ಹತ್ತುವ ಮೊದಲು ಮೂಲೆ ಮೂಲೆಯನ್ನೂ ಪರೀಕ್ಷಿಸಬೇಕಿತ್ತು. ಜೊತೆಯ ವಿದ್ಯಾರ್ಥಿಯೊಬ್ಬನು ಬಿದ್ದು ಸತ್ತುದನ್ನು ಅವಳು ಕಣ್ಣಾರೆ ಕಂಡಳು. ಮರುದಿನ ಮತ್ತೆ ಅದೇ ಒಂಬತ್ತು ಮೈಲು.

1921ರ ಜೂನ್ 15ರಂದು ಅಂತರರಾಷ್ಟ್ರೀಯ ವಿಮಾನ ಸಂಸ್ಥೆಯ ಪರವಾನಿಗೆ ಅವಳ ಕೈಸೇರಿತು. ಈ ಪರವಾನಿಗೆ ಪಡೆದ ಮೊದಲ ಕಪ್ಪು ಮಹಿಳೆ ಆಕೆ. ಜಗತ್ತೆಲ್ಲ ಬಲ್ಲ ಅಮೇಲಿಯಾ ಇಯರ್‌ಹಾರ್ಟಳಿಗೆ ಇದು ದೊರೆತದ್ದು ಇನ್ನೆರಡು ವರ್ಷಗಳ ಮೇಲೆ. ಆ ಪತ್ರದಲ್ಲಿ ಬೆಸಿ ತನ್ನ ಜನನ ವರ್ಷವನ್ನು 1896 ಎಂದು ಬರೆಸಿದ್ದಾಳೆ. ನಾಲ್ಕು ವರ್ಷ ಎಳೆಯಳಾಗಿ ಕಾಣುವ ಆಸೆ! ಪತ್ರಿಕೆಯವರ ಮುಂದೆಯೂ ತನ್ನ ಸಾಧನೆಯನ್ನು ತುಸು ಹಿಗ್ಗಿಸಿ ಹೇಳುವ ಚಪಲ ಅವಳಿಗಿತ್ತು. ಆ ಗುಣವನ್ನು ನಾನು ಮೆಚ್ಚಲಾರೆ. ಆದರೂ ಜನ ದುಡ್ಡು ಕೊಟ್ಟು ನೋಡಲು ಬಂದರೆ ಮಾತ್ರ ಒಲೆ ಉರಿಯುವ ವೃತ್ತಿ ಅದು.

ಪದವಿ ಕೈಗೆ ಬಂದ ಮೇಲೆ ಮುಂದೇನು ಎಂಬ ನಮ್ಮೆಲ್ಲರ ಪ್ರಶ್ನೆ ಅವಳನ್ನೂ ಬಿಡಲಿಲ್ಲ. ಜನರನ್ನು ಸಾಗಿಸುವ ವಿಮಾನ ಕಂಪನಿಗಳು ಆಗಿನ್ನೂ ಬೆರಳೆಣಿಕೆಯಷ್ಟೇ ಇದ್ದವು. ಆಕಾಶದಲ್ಲಿ ಕಸರತ್ತು ತೋರಿಸುವುದೊಂದೇ ಸಂಪಾದನೆಯ ದಾರಿ. ಅದಕ್ಕೆ ಹೆಚ್ಚಿನ ಶಿಕ್ಷಣ ಬೇಕು, ಅದನ್ನು ಕೊಡುವವರು ಮತ್ತೆ ಊರಿನಲ್ಲಿಲ್ಲ. 1922ರಲ್ಲಿ ಮರಳಿ ಯುರೋಪಿಗೆ ಹೋಗಿ ಫ್ರಾನ್ಸ್, ಹಾಲೆಂಡ್, ಜರ್ಮನಿಗಳಲ್ಲಿ ಸುತ್ತಿ ಕಲಿತು ಬಂದಳು. ಅದೇ ವರ್ಷ ಸಪ್ಟೆಂಬರ್ 3ರಂದು ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಅವಳ ಮೊದಲ ಪ್ರದರ್ಶನ ಜರುಗಿತು, ಎರವಲು ತಂದ ವಿಮಾನದಲ್ಲಿ. ಆಮೇಲೆ ಸೈನ್ಯದವರು ಮಾರಿದ ಹಳೆಯ ‘ಜೆನ್ನಿ’ ವಿಮಾನವೊಂದನ್ನು ಕೊಂಡಳು. 1923ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದು ಎಂಜಿನ್ ನಿಂತು ನೆಲಕ್ಕಪ್ಪಳಿಸಿತು. ಕಾಲು ಮುರಿಯಿತು, ಪಕ್ಕೆಲುಬುಗಳೂ ಮುರಿದವು.

ಇಷ್ಟೆಲ್ಲ ಬವಣೆಯ ಹಿಂದೆ ಅವಳಿಗೊಂದು ಗುರಿಯಿತ್ತು. ಕರಿಯರಿಗಾಗಿ ಸ್ವದೇಶದಲ್ಲೇ ಒಂದು ವಿಮಾನ ಶಾಲೆ ತೆರೆಯಬೇಕು. ತನ್ನ ಹಿಂದೆ ಬರುವವರು ಫ್ರೆಂಚ್ ಕಲಿಯಬೇಕಾಗಬಾರದು, ಹಡಗು ಹತ್ತಬೇಕಾಗಬಾರದು. ಪ್ರದರ್ಶನ, ಭಾಷಣಗಳಲ್ಲದೆ ಫ್ಲಾರಿಡಾದಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿಯನ್ನೂ ಇಟ್ಟು ಹಣ ಕೂಡಿಸಹತ್ತಿದಳು. ಸಿನಿಮಾದವರು ಕರೆದಾಗ ಶಾಲೆಗೆ ಹಣವಾದೀತೆಂದು ಒಪ್ಪಿದ್ದಳು. ಮೊದಲ ದೃಶ್ಯದಲ್ಲೇ ಹರಕು ಬಟ್ಟೆಯುಟ್ಟು ಬರಬೇಕೆಂದು ತಿಳಿದಾಗ ಎದ್ದು ಹೊರಟಳು. ವಾಕ್ಸಹಾಚಿಯ ಪ್ರದರ್ಶನಕ್ಕೆ ಬಿಳಿಯರಿಗೊಂದು, ಕರಿಯರಿಗೊಂದು ಬಾಗಿಲು ಮಾಡಿದ್ದರು. ಒಂದೇ ಬಾಗಿಲಾಗದಿದ್ದರೆ ಹಾರಲಾರೆನೆಂದು ಪಟ್ಟು ಹಿಡಿದು ಗೆದ್ದಳು. ಒಳಗೆ ಕೂಡುವ ಜಾಗ ಮಾತ್ರ ಬೇರೆ ಬೇರೆಯಾಗಿಯೇ ಉಳಿಯಿತು. ಅರ್ಧ ಗೆಲವೆಂದು ಹಗುರಾಗಿ ಹೇಳುವವರು ಆ ಕಾಲದ ಟೆಕ್ಸಸ್ಸನ್ನು ನೆನೆಯಬೇಕು.

1926ರಲ್ಲಿ ಮತ್ತೊಂದು ಹಳೆಯ ಜೆನ್ನಿ ಕೊಂಡಳು. ಅವಳ ಕೈಗೆಟಕುತ್ತಿದ್ದುದು ಅಂಥದ್ದೇ. ವಿಲಿಯಂ ವಿಲ್ಸ್ ಎಂಬ ತರುಣ ಮೆಕ್ಯಾನಿಕನು ಡಲ್ಲಾಸಿನಿಂದ ಫ್ಲಾರಿಡಾದ ಜಾಕ್ಸನ್‌ವಿಲ್ಲಿಗೆ ಅದನ್ನು ತರುವಾಗಲೇ ದಾರಿಯಲ್ಲಿ ಅದು ಕೆಟ್ಟು ಮತ್ತೆ ಮತ್ತೆ ಇಳಿಯಬೇಕಾಯಿತು. ಏಪ್ರಿಲ್ 30ರ ಬೆಳಿಗ್ಗೆ ವಿಲ್ಸ್ ವಿಮಾನ ನಡೆಸುತ್ತಿದ್ದನು. ಮರುದಿನ ಪ್ಯಾರಾಶೂಟಿನಿಂದ ಧುಮುಕಬೇಕಾದ ಸ್ಥಳವನ್ನು ಬಗ್ಗಿ ನೋಡಲು ಬೆಸಿ ಸೊಂಟದ ಪಟ್ಟಿ ಕಟ್ಟಿಕೊಂಡಿರಲಿಲ್ಲ. ವಿಮಾನ ಒಮ್ಮೆಲೇ ಕೆಳಮುಖವಾಗಿ ಮಗುಚಿತು. ಬೆಸಿ ಹೊರಗೆ ಬಿದ್ದು ಸತ್ತಳು, ವಿಲ್ಸನು ವಿಮಾನದೊಡನೆಯೇ ಸತ್ತನು. ಯಂತ್ರದ ಹಲ್ಲುಚಕ್ರಗಳ ನಡುವೆ ಒಂದು ಪಾನಾ ಸಿಕ್ಕಿಕೊಂಡಿದ್ದುದು ಆಮೇಲೆ ಗೊತ್ತಾಯಿತು. ಅವಳಿಗಾಗ 34 ವರ್ಷ. ಶಾಲೆ ಇನ್ನೂ ತೆರೆದಿರಲಿಲ್ಲ.

ಮೂರು ವರ್ಷಗಳ ಅನಂತರ, 1929ರಲ್ಲಿ, ವಿಲಿಯಂ ಪಾವೆಲ್ ಎಂಬ ಕರಿಯ ಎಂಜಿನಿಯರನು ಲಾಸ್ ಏಂಜಲೀಸಿನಲ್ಲಿ ಬೆಸಿ ಕೋಲ್ಮನ್ನಳ ಹೆಸರಿನಲ್ಲಿ ವಿಮಾನ ಸಂಘವನ್ನು ಸ್ಥಾಪಿಸಿ ಕರಿಯ ತರುಣ ತರುಣಿಯರಿಗೆ ಹಾರಾಟ ಕಲಿಸತೊಡಗಿದನು. ಅಲ್ಲಿ ಪಾಠ ಇಂಗ್ಲೀಷಿನಲ್ಲೇ ನಡೆಯುತ್ತಿತ್ತು.