ಫ್ಲೋ ಹೈಮನ್: ನಮ್ಮ ತಂಗಿಯರಿಗೆ ಬಾಗಿಲು ತೆರೆದ ಆಟಗಾರ್ತಿ

ಫೆಬ್ರವರಿಯಲ್ಲಿ ಪ್ರೆಸಿಡೆಂಟ್ಸ್ ಡೇ ರಜೆ ಬಂತು ಅಂದರೆ ವಾಷಿಂಗ್ಟನ್ ಡಿಸಿಯ ಕನ್ವೆನ್ಷನ್ ಸೆಂಟರ್ ತುಂಬ ವಾಲಿಬಾಲ್ ಕೋರ್ಟ್‌ಗಳೇ. ಕ್ಯಾಪಿಟಲ್ ಹಿಲ್ ಕ್ಲಾಸಿಕ್ ಅನ್ನೋ ಟೂರ್ನಿಗೆ ದೂರದೂರದಿಂದ ಹುಡುಗಿಯರ ಕ್ಲಬ್ ತಂಡಗಳು ಬರುತ್ತವೆ. ಅಟ್ಲಾಂಟಾದಲ್ಲಿ ನಡೆಯುವ ಬಿಗ್ ಸೌತ್ ಟೂರ್ನಿಯದ್ದೂ ಇದೇ ಸಂಭ್ರಮ. ಕೋರ್ಟಿನ ಬದಿಯಲ್ಲಿ ಕಾಲೇಜು ಕೋಚ್‌ಗಳು ಆಟಗಾರ್ತಿಯರನ್ನು ಅಳೆಯುತ್ತಾ ಕೂತಿರುತ್ತಾರೆ. ವರ್ಜೀನಿಯಾ, ಮೇರಿಲ್ಯಾಂಡ್, ಶಾರ್ಲೆಟ್, ಅಟ್ಲಾಂಟಾ ಸುತ್ತಲಿನ ನಮ್ಮ ಕನ್ನಡ ಮನೆಗಳ ಮಕ್ಕಳೂ ಈಗ ಈ ಆಟದ ಕನಸು ಕಾಣುತ್ತಿದ್ದಾರೆ.

ಹಬ್ಬದ ಊಟಕ್ಕೆ ಕರೆಯುವ ಆಂಟಿಯರು ಅನ್ನ ಬಡಿಸುತ್ತಲೇ ನಮ್ಮನ್ನು ಕೇಳುತ್ತಾರೆ: ವಾಲಿಬಾಲ್ ಆಡಿ ಕಾಲೇಜು ಸೇರೋದು ಹೇಗಪ್ಪಾ? ನಾವು ಊರಿನ ಶಾಲೆ ಮೈದಾನದಲ್ಲಿ ಎರಡು ಕಂಬಕ್ಕೆ ನೆಟ್ ಕಟ್ಟಿ ಆಡಿದವರು, ಹೊನಲು ಬೆಳಕಿನ ಪಂದ್ಯಾಟ ನೋಡಲು ನಿದ್ದೆಗೆಟ್ಟವರು. ನಮಗೆ ಗೊತ್ತಿದ್ದದ್ದು ಕ್ರೀಡಾ ಕೋಟಾ ಮಾತ್ರ. ಇಲ್ಲಿನ ದಾರಿ ತಿಳಿಯಲು ಹೊರಟಾಗ ಎದುರಾದ ಹೆಸರು ಫ್ಲೋ ಹೈಮನ್. ಆಕೆ ತೀರಿಕೊಂಡು ನಾಲ್ಕು ದಶಕಗಳಾದವು. ಆದರೂ ಕಾಲೇಜು ಸೇರುವ ಆಟಗಾರ್ತಿಗೆ ಬೇಕಾದ ಪಾಠಗಳೆಲ್ಲ ಆಕೆಯ ಬದುಕಲ್ಲೇ ಇವೆ ಅಂತ ನಮಗನಿಸಿತು.

ಕಥೆ ಶುರುವಾಗೋದು ಈ ದೇಶದ ಇನ್ನೊಂದು ತುದಿಯಲ್ಲಿ. 1954ರ ಜುಲೈ 31ರಂದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಫ್ಲೋರಾ ಜೀನ್ ಹೈಮನ್ ಎಂಟು ಮಕ್ಕಳಲ್ಲಿ ಎರಡನೆಯವರು. ಬೆಳೆದದ್ದು ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ. ಅಪ್ಪ ರೈಲ್ವೆಯಲ್ಲಿ ಕೆಲಸಕ್ಕಿದ್ದರು, ಅಮ್ಮ ಒಂದು ಸಣ್ಣ ಹೋಟೆಲ್ ನಡೆಸುತ್ತಿದ್ದರು. ಹನ್ನೆರಡು ತುಂಬುವಷ್ಟರಲ್ಲಿ ಹುಡುಗಿ ಆರಡಿ ಎತ್ತರ ಬೆಳೆದಿದ್ದಳು! ಮುಂದೆ ಆರಡಿ ಐದು ಇಂಚು ಆದಳು. ಜೊತೆಯವರ ಕುಹಕಕ್ಕೆ ಅಂಜಿ ಮೈ ಕುಗ್ಗಿಸಿಕೊಳ್ಳುತ್ತಿದ್ದ ಮಗಳಿಗೆ, ಎತ್ತರವನ್ನು ಬಚ್ಚಿಡಬೇಡ ಅಂತ ಧೈರ್ಯ ತುಂಬಿದ್ದು ಅಮ್ಮ. ಮಾರ್ನಿಂಗ್‌ಸೈಡ್ ಹೈಸ್ಕೂಲಲ್ಲಿ ಓದುವಾಗ ಅಕ್ಕನ ಜೊತೆ ಸಮುದ್ರದ ಮರಳಲ್ಲಿ ಇಬ್ಬರಿಬ್ಬರ ವಾಲಿಬಾಲ್ ಆಡುತ್ತಾ ಕೈ ಪಳಗಿಸಿಕೊಂಡರು.

ಆ ಕಾಲದಲ್ಲಿ ಹುಡುಗಿ ಎಷ್ಟೇ ಚೆನ್ನಾಗಿ ಆಡಿದರೂ ಕಾಲೇಜು ಹುಡುಕಿಕೊಂಡು ಬರುತ್ತಿರಲಿಲ್ಲ. ಸ್ಕಾಲರ್‌ಶಿಪ್ ಇದ್ದದ್ದು ಗಂಡುಮಕ್ಕಳ ಫುಟ್‌ಬಾಲ್, ಬಾಸ್ಕೆಟ್‌ಬಾಲಿಗೆ. ಹೆಣ್ಣುಮಕ್ಕಳ ಕಾಲೇಜು ಕ್ರೀಡೆ ನೋಡಿಕೊಳ್ಳುತ್ತಿದ್ದ ಸಂಸ್ಥೆಯೇ ಕ್ರೀಡಾ ಸ್ಕಾಲರ್‌ಶಿಪ್ ಬೇಡ ಅನ್ನುತ್ತಿತ್ತು. ಕೋರ್ಟು ಮೆಟ್ಟಿಲೇರಿದ ಮೇಲೆ, 1973ರಲ್ಲಿ, ಆ ನಿಷೇಧ ಹೋಯಿತು. ಅದಕ್ಕೂ ಮೊದಲು ವಾಷಿಂಗ್ಟನ್‌ನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಗಿತ್ತು. 1972ರ ಜೂನ್ 23ರಂದು, ಫ್ಲೋಗೆ ಹದಿನೆಂಟು ತುಂಬಲು ಐದು ವಾರ ಇರುವಾಗ, ಟೈಟಲ್ ನೈನ್ ಕಾನೂನಿಗೆ ಸಹಿ ಬಿತ್ತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಕೂಡದು ಅನ್ನೋದು ಅದರ ತಿರುಳು.

ಫ್ಲೋ ಮೊದಲು ಎಲ್ ಕಮಿನೋ ಅನ್ನೋ ಸಮುದಾಯ ಕಾಲೇಜಿನಲ್ಲಿ ಒಂದು ವರ್ಷ ಕಳೆದರು. ಅಲ್ಲಿಂದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು, ಅದೂ ಆ ವಿಶ್ವವಿದ್ಯಾಲಯ ಕ್ರೀಡಾ ಸ್ಕಾಲರ್‌ಶಿಪ್ ಕೊಟ್ಟ ಮೊಟ್ಟಮೊದಲ ಮಹಿಳೆಯಾಗಿ. ಗಮನಿಸಿ, ದೊಡ್ಡ ಕಾಲೇಜು ಮೊದಲ ದಿನವೇ ಕೈ ಹಿಡಿಯಲಿಲ್ಲ. ಸಣ್ಣ ಕಾಲೇಜಿನ ಒಂದು ವರ್ಷ ಆಕೆಗೆ ಮೆಟ್ಟಿಲಾಯಿತು. ಈ ದಾರಿ ಈಗಲೂ ಇದೆ, ಆದರೆ ನಮ್ಮವರು ಅದನ್ನು ಯಾಕೋ ಅವಮಾನ ಅಂದುಕೊಳ್ಳುತ್ತಾರೆ.

ಹ್ಯೂಸ್ಟನ್‌ನಲ್ಲಿ ಆಕೆ ಮೂರು ವರ್ಷ ಆಡಿದರು, ದೇಶದ ಅತ್ಯುತ್ತಮ ಆಟಗಾರ್ತಿಯರ ಪಟ್ಟಿ ಸೇರಿದರು. ಓದುತ್ತಿದ್ದದ್ದು ಗಣಿತ ಮತ್ತು ದೈಹಿಕ ಶಿಕ್ಷಣ. ಆದರೆ ಕೊನೆಯ ವರ್ಷ ಮುಗಿಸದೆ ರಾಷ್ಟ್ರೀಯ ತಂಡಕ್ಕೆ ಹೊರಟುಬಿಟ್ಟರು. ಆಟ ಮುಗಿದ ಮೇಲೆ ಡಿಗ್ರಿ ಮುಗಿಸಬಹುದು ಅನ್ನೋದು ಆಕೆಯ ಎಣಿಕೆ. ಓದು ಕಾಯುತ್ತದೆ, ಮೈಯಲ್ಲಿನ ಕಸುವು ಕಾಯೋದಿಲ್ಲ ಅಂತ ನಾವೂ ಎಷ್ಟೋ ಸಲ ಅಂದುಕೊಳ್ಳುತ್ತೇವಲ್ಲ, ಹಾಗೆ.

ರಾಷ್ಟ್ರೀಯ ತಂಡದ ಸ್ಥಿತಿ ಆಗ ಚೆನ್ನಾಗಿರಲಿಲ್ಲ. 1975ರಲ್ಲಿ ಕೆಲವು ತಿಂಗಳು ಕೋಚ್ ಕೂಡ ಇರಲಿಲ್ಲ. ಆಮೇಲೆ ಬಂದ ಆರಿ ಸೆಲಿಂಜರ್ ಹುಡುಗಿಯರನ್ನು ವರ್ಷವಿಡೀ ಒಟ್ಟಿಗೆ ಇಟ್ಟು ಕಠಿಣವಾಗಿ ದುಡಿಸಿದರು. ಎದುರಾಳಿಯ ಹೊಡೆತಕ್ಕೆ ನೆಲಕ್ಕೆ ಬಿದ್ದು ಚೆಂಡು ಎತ್ತೋದನ್ನು ಫ್ಲೋ ಕಲಿತದ್ದು ಅಲ್ಲೇ. 1976ರ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕರೂ ಅಮೆರಿಕ ಬಹಿಷ್ಕಾರ ಹಾಕಿದ್ದರಿಂದ ಹೋಗಲಾಗಲಿಲ್ಲ. 1982ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಬಂತು. ಕೊನೆಗೆ 1984ರಲ್ಲಿ, ತನ್ನೂರಿನ ಮಗ್ಗುಲಲ್ಲೇ ನಡೆದ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಚೀನಾಕ್ಕೆ ಸೋತು ಬೆಳ್ಳಿ. ಅಮೆರಿಕದ ಮಹಿಳಾ ವಾಲಿಬಾಲಿಗೆ ಅದು ಮೊದಲ ಒಲಿಂಪಿಕ್ ಪದಕ. ಆಗ ಫ್ಲೋಗೆ ಮೂವತ್ತು ವರ್ಷ.

ಅದೇ 1984ರಲ್ಲಿ ಸುಪ್ರೀಂ ಕೋರ್ಟಿನ ಗ್ರೋವ್ ಸಿಟಿ ತೀರ್ಪು ಬಂದಿತ್ತು. ಸರ್ಕಾರದ ಹಣ ನೇರವಾಗಿ ಹೋಗುವ ವಿಭಾಗಕ್ಕೆ ಮಾತ್ರ ಟೈಟಲ್ ನೈನ್ ಅನ್ವಯ ಅಂತ ಕೋರ್ಟು ಹೇಳಿತು. ಅಂದರೆ ಕ್ರೀಡಾ ವಿಭಾಗಗಳು ಬಹುಮಟ್ಟಿಗೆ ಜಾರಿಕೊಂಡ ಹಾಗೆ. ತಾನು ಹೊಕ್ಕ ಬಾಗಿಲು ಹಿಂದೆ ಬರುವವರಿಗೆ ಮುಚ್ಚಿಹೋಗುತ್ತಿದೆ ಅಂತ ಫ್ಲೋಗೆ ತಿಳಿಯಿತು. ಪದಕ ಗೆದ್ದಾಯ್ತು, ನನಗೇನು ಅಂತ ಸುಮ್ಮನಿರಲಿಲ್ಲ. 1985ರಲ್ಲಿ ವಾಷಿಂಗ್ಟನ್‌ಗೆ ಬಂದು, ಆ ಕಾನೂನಿಗೆ ಮತ್ತೆ ಬಲ ಕೊಡಿ ಅಂತ ಕ್ಯಾಪಿಟಲ್ ಹಿಲ್‌ನಲ್ಲಿ ದನಿಯೆತ್ತಿದರು.

ಆಗಲೇ ಆಕೆ ಜಪಾನಿನಲ್ಲಿ ಡೈಯೇ ತಂಡಕ್ಕೆ ಆಡುತ್ತಿದ್ದರು. ಅಲ್ಲಿನ ಜನಕ್ಕೂ ಅಚ್ಚುಮೆಚ್ಚು. 1986ರ ಜನವರಿ 24ರಂದು ಮಾಟ್ಸುಯೆ ಊರಿನಲ್ಲಿ ಪಂದ್ಯದ ನಡುವೆ ಬದಲಿ ಆಟಗಾರ್ತಿಗೆ ಜಾಗ ಬಿಟ್ಟು ಬಂದು ಬೆಂಚಿನ ಮೇಲೆ ಕೂತವರು ಹಾಗೇ ಕುಸಿದರು. ಅದೇ ಸಂಜೆ ತೀರಿಕೊಂಡರು. ವಯಸ್ಸು ಬರೀ 31.

ಊರಿಗೆ ತಂದು ಪರೀಕ್ಷೆ ಮಾಡಿದಾಗ ಕಾರಣ ಗೊತ್ತಾಯಿತು. ಮಾರ್ಫಾನ್ ಸಿಂಡ್ರೋಮ್ ಅನ್ನೋ ಹುಟ್ಟಿನಿಂದ ಬರುವ ತೊಂದರೆ. ಇದರಿಂದ ಮೈ ಎತ್ತರ ಬೆಳೆಯುತ್ತದೆ, ಕೈಕಾಲು ಬೆರಳು ನೀಳವಾಗುತ್ತವೆ, ಜೊತೆಗೆ ಹೃದಯದಿಂದ ರಕ್ತ ಒಯ್ಯುವ ಮಹಾಧಮನಿಯ ಗೋಡೆ ದುರ್ಬಲವಾಗಿರುತ್ತದೆ. ಎಲ್ಲರೂ ಮೆಚ್ಚಿದ ಆ ಎತ್ತರದ ಹಿಂದೆಯೇ ಆಪತ್ತು ಅಡಗಿತ್ತು. ಹತ್ತು ವರ್ಷ ಮೊದಲು, 1976ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ ಕ್ರಿಸ್ ಪ್ಯಾಟನ್ ತೀರಿಕೊಂಡದ್ದೂ ಇದರಿಂದಲೇ. ಫ್ಲೋ ಹೋದ ಮೇಲೆ ಮನೆಯವರನ್ನು ಪರೀಕ್ಷಿಸಿದಾಗ ಆಕೆಯ ಸೋದರನಿಗೂ ಅದೇ ತೊಂದರೆ ಇರೋದು ಗೊತ್ತಾಗಿ ಶಸ್ತ್ರಚಿಕಿತ್ಸೆ ಆಯಿತು. ಅಕ್ಕರೆಯ ಒಂದು ಜೀವ ಹೋಗಿ ಇನ್ನೊಂದು ಉಳಿಯಿತು.

ಆಕೆ ಕೇಳಿದ್ದ ಕಾನೂನು 1988ರಲ್ಲಿ ಅಧ್ಯಕ್ಷರ ವೀಟೋವನ್ನೂ ದಾಟಿ ಜಾರಿಗೆ ಬಂತು. ನೋಡಲು ಆಕೆ ಇರಲಿಲ್ಲ. ಆಕೆಯ ನೆನಪಿಗೆಂದೇ 1987ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ಬಾಲಕಿಯರ ಮತ್ತು ಮಹಿಳೆಯರ ಕ್ರೀಡಾ ದಿನ ಈಗಲೂ ಪ್ರತಿ ಫೆಬ್ರವರಿಯಲ್ಲಿ ನಡೆಯುತ್ತದೆ.

ಹಾಗಾಗಿ ಆಂಟಿಯರ ಪ್ರಶ್ನೆಗೆ ಈಗ ನಾವು ಹೀಗೆ ಹೇಳುತ್ತೇವೆ. ಒಂಬತ್ತನೇ ತರಗತಿಯಿಂದಲೇ ಎನ್‌ಸಿಎಎ ಒಪ್ಪುವ ವಿಷಯಗಳನ್ನು ತಪ್ಪದೆ ಓದಿಸಿ. ಆಟದ ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಅಂಕ ಕಡಿಮೆಯಾದರೆ ಬಾಗಿಲು ಮುಚ್ಚುತ್ತದೆ. ಡಿವಿಷನ್ ಒನ್ ಕೋಚ್ ಉತ್ತರ ಕೊಡಲಿಲ್ಲ ಅಂತ ಕೊರಗಬೇಡಿ. ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರ ತನಕ ಅವರು ರಿಕ್ರೂಟಿಂಗ್ ಮಾತಾಡುವ ಹಾಗೇ ಇಲ್ಲ. ಮೇರಿಲ್ಯಾಂಡ್, ಜಾರ್ಜಿಯಾ ಟೆಕ್, ಕ್ಲೆಮ್ಸನ್ ಹೆಸರಿಗಷ್ಟೇ ಜೋತು ಬೀಳಬೇಡಿ. ಅಟ್ಲಾಂಟಾದ ಎಮೊರಿ ಇರೋದು ಡಿವಿಷನ್ ತ್ರೀಯಲ್ಲಿ. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲ, ಆದರೆ ಓದಿಗೂ ಮನೆಯ ಆದಾಯಕ್ಕೂ ನೋಡಿ ಕೊಡುವ ನೆರವು ಇದೆ. 2008 ಮತ್ತು 2018ರಲ್ಲಿ ಆ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಅವರೇ.

ಮುಖ್ಯವಾಗಿ, ಕೋಚ್ ಹುಡುಗಿಯನ್ನು ಅಳೆಯುವ ಹಾಗೆ ಹುಡುಗಿಯೂ ಕೋಚನ್ನು ಅಳೆಯಲಿ. ಗಾಯವಾದರೆ ಸ್ಕಾಲರ್‌ಶಿಪ್ ಉಳಿಯುತ್ತದಾ? ಡಿಗ್ರಿ ಮುಗಿಸಲು ಒಂದು ವರ್ಷ ಹೆಚ್ಚು ಬೇಕಾದರೆ ಹಣ ಕೊಡುತ್ತಾರಾ? ಹೃದಯದ ಪರೀಕ್ಷೆ ಯಾರು ಮಾಡಿಸುತ್ತಾರೆ? ತುಂಬಾ ಎತ್ತರ, ನೀಳ ಬೆರಳು, ಮನೆತನದಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡದ್ದು ಇದ್ದರೆ ಕೋಚ್‌ಗೆ ಮೊದಲು ಡಾಕ್ಟರಿಗೆ ತೋರಿಸಿ, ಎಕೋ ಬೇಕಾ ಅಂತ ಕೇಳಿ.

ಫ್ಲೋಗೆ ಇದನ್ನೆಲ್ಲ ಕೇಳಲು ಹೇಳಿಕೊಡುವವರು ಇರಲಿಲ್ಲ, ಆಕೆಯೇ ಮೊದಲಿಗರು. ನಮ್ಮ ತಂಗಿಯರಿಗೆ ನಾವಿದ್ದೇವೆ. ಮುಂದಿನ ಫೆಬ್ರವರಿಯಲ್ಲಿ ಅವರ ಆಟ ನೋಡಲು ಡಿಸಿಗೆ ಹೋಗೋಣ, ಕನ್ನಡದಲ್ಲೇ ಕೂಗಿ ಹುರಿದುಂಬಿಸೋಣ.