ಮನೆಮಾತು ಆಡಿದರೆ ಮಗು ಕಲಿಕೆಯಲ್ಲಿ ಹಿಂದೆ ಬೀಳುತ್ತದೆಯೇ? ಕೋಟ ಶಿವರಾಮ ಕಾರಂತರ ಬದುಕು ಹೇಳುವುದೇ ಬೇರೆ

ವಾಟ್ಸಾಪ್‌ ಗುಂಪುಗಳಲ್ಲಿ ಇಂಥ ಸಂದೇಶವನ್ನು ನೀವೂ ನೋಡಿರಬಹುದು: ಮಗುವಿನ ಜೊತೆ ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿ, ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇದಕ್ಕೆ ಇನ್ನೊಂದು ಭಯವೂ ಸೇರಿಕೊಳ್ಳುತ್ತದೆ. ಕುಂದಾಪ್ರ ಕನ್ನಡ ರೂಢಿಯಾದರೆ ಪುಸ್ತಕದ ಕನ್ನಡವೂ ಸರಿಯಾಗಿ ಬಾರದು ಎಂಬ ಭಯ ಅದು.

ಇದಕ್ಕೆ ತದ್ವಿರುದ್ಧವಾದ ವಾದವೂ ಇದೆ. ಶಿವರಾಮ ಕಾರಂತರು ಕಾಲೇಜು ಬಿಟ್ಟೂ ಜ್ಞಾನಪೀಠ ಪಡೆದರು, ಹಾಗಾಗಿ ಶಾಲೆಯೇ ಬೇಕಿಲ್ಲ ಎಂಬ ವಾದ. ಇವೆರಡೂ ಸರಿಯಲ್ಲ. ಯಾಕೆ ಎಂದು ತಿಳಿಯಲು ಕಾರಂತರ ಬದುಕನ್ನೇ ನೋಡೋಣ.

ಕೋಟದ ಹುಡುಗ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಆಗ ಈ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸುತ್ತ ಕಡಲು, ಗದ್ದೆ, ರಾತ್ರಿಯಿಡೀ ನಡೆಯುವ ಯಕ್ಷಗಾನ. ಊರಿನಲ್ಲಿ ಕಿವಿಗೆ ಬಿದ್ದದ್ದು ಅಲ್ಲಿನ ಆಡುಮಾತು. ಮುಂದೆ ಕುಂದಾಪುರದ ಹೈಸ್ಕೂಲು, ಆಮೇಲೆ ಮಂಗಳೂರಿನ ಸರ್ಕಾರಿ ಕಾಲೇಜು.

ಆಡುಮಾತು ಪುಸ್ತಕದ ಮಾತಿಗೆ ಅಡ್ಡಿಯೇ? ಒಂದು ಸಣ್ಣ ಉದಾಹರಣೆ ನೋಡಿ. ನಮ್ಮ ಕಡೆಯ ಮಗು ಹೋಯ್ಕ್, ಬರ್ಕ್, ಮಾಡ್ಕ್ ಎನ್ನುತ್ತದೆ. ಪುಸ್ತಕದಲ್ಲಿ ಅವೇ ಹೋಗಬೇಕು, ಬರಬೇಕು, ಮಾಡಬೇಕು. ಮಗು ಯಾರೂ ಹೇಳಿಕೊಡದೆಯೇ ಒಂದು ನಿಯಮವನ್ನು ಹಿಡಿದುಕೊಂಡಿದೆ. ಹೊಸ ಕ್ರಿಯಾಪದ ಕೊಟ್ಟರೂ ಅದೇ ನಿಯಮದಂತೆ ರೂಪ ಮಾಡಿ ಹೇಳುತ್ತದೆ. ಅಂದರೆ ವ್ಯಾಕರಣ ಆಗಲೇ ತಲೆಯಲ್ಲಿದೆ. ಶಿಕ್ಷಕರು ತೋರಿಸಬೇಕಾದದ್ದು ಈ ರೂಪಕ್ಕೂ ಆ ರೂಪಕ್ಕೂ ಇರುವ ಸಂಬಂಧವನ್ನು ಮಾತ್ರ. ಮಾತು ತಪ್ಪು ಎಂದು ಗದರಿಸಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಕಾಲೇಜು ಬಿಟ್ಟರು, ಕಲಿಕೆ ಬಿಡಲಿಲ್ಲ

1920ರ ದಶಕದ ಆರಂಭದಲ್ಲಿ ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾರಂತರು ಕಾಲೇಜು ತೊರೆದರು. ಅಂಕ ಕಡಿಮೆಯಾಯಿತೆಂದೋ ಓದು ಬೇಡವಾಯಿತೆಂದೋ ಬಿಟ್ಟದ್ದಲ್ಲ. ಖಾದಿ, ಸ್ವದೇಶಿ ಪ್ರಚಾರಕ್ಕೆ ಊರೂರು ತಿರುಗಿದರು. ವಸಂತ ಎಂಬ ಪತ್ರಿಕೆ ನಡೆಸಿದರು. ನಾಟಕ, ಫೋಟೋಗ್ರಫಿ, ಮೂಕಿ ಚಿತ್ರ ಎಲ್ಲವನ್ನೂ ಕೈಯಾರೆ ಮಾಡಿ ನೋಡಿದರು. ಹಲವು ಪ್ರಯತ್ನಗಳಲ್ಲಿ ದುಡ್ಡು ಹುಟ್ಟಲಿಲ್ಲ, ಆದರೆ ತಿಳಿವಳಿಕೆ ಬೆಳೆಯಿತು. ಹೀಗೆ ಕಲಿತ ಮನುಷ್ಯ ಮುಂದೆ ಶಾಲೆಯೇ ಬೇಡ ಎನ್ನಲಿಲ್ಲ. ಮಕ್ಕಳಿಗಾಗಿ ತಾವೇ ಒಂದು ಶಾಲೆ ಕಟ್ಟಿದರು.

ಪುತ್ತೂರಿನ ಬಾಲವನ

ಕಾರಂತರು ಸುಮಾರು 40 ವರ್ಷ ನೆಲೆಸಿದ್ದು ಪುತ್ತೂರಿನಲ್ಲಿ. ಅಲ್ಲಿ 1930ರ ದಶಕದಲ್ಲಿ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಶುರು ಮಾಡಿದರು. ಬಾಯಿಪಾಠ, ಬೆತ್ತಕ್ಕಿಂತ ಆಟ, ನಾಟಕ, ಕುಣಿತ, ಕೈಕೆಲಸ, ಸುತ್ತಲಿನ ಪ್ರಕೃತಿಯನ್ನು ಕಂಡು ತಿಳಿಯುವುದು ಮುಖ್ಯವಾಯಿತು. ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ಯೋಜನೆಯನ್ನು ಮುಂದಿಟ್ಟದ್ದು 1937ರಲ್ಲಿ. ಮಾರಿಯಾ ಮಾಂಟೆಸ್ಸೊರಿ ಮದ್ರಾಸಿಗೆ ಬಂದದ್ದು 1939ರಲ್ಲಿ. ಅದೇ ದಶಕದಲ್ಲಿ ನಮ್ಮ ಕರಾವಳಿಯ ಒಂದು ಸಣ್ಣ ಊರಿನಲ್ಲೂ ಇಂಥ ಕೆಲಸ ನಡೆದಿತ್ತು.

ಬಾಲವನದ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಅದರ ಹಿಂದಿನ ಯೋಚನೆ ಸರಿಯಾಗಿತ್ತು ಎಂಬುದಕ್ಕೆ ವಿಜ್ಞಾನದ ಬೆಂಬಲವಿದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಭಾಷೆ ಮತ್ತು ಯೋಚನೆಯ ಬಗ್ಗೆ ಮೊದಲ ಪುಸ್ತಕ ಪ್ರಕಟಿಸಿದ್ದು 1923ರಲ್ಲಿ. ಅವರು ಕಂಡುಕೊಂಡದ್ದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ನಾಲ್ಕು ವರ್ಷದ ಮಗುವಿನ ಎದುರು ಅಗಲ ಲೋಟದ ಮಜ್ಜಿಗೆಯನ್ನು ಉದ್ದ, ಸಪೂರ ಲೋಟಕ್ಕೆ ಸುರಿಯಿರಿ. ಮಜ್ಜಿಗೆ ಜಾಸ್ತಿಯಾಯಿತು ಎಂದೇ ಹೆಚ್ಚಿನ ಮಕ್ಕಳು ಹೇಳುತ್ತಾರೆ. ಏಳೆಂಟು ವರ್ಷದ ಮಗು ಅಷ್ಟೇ ಇದೆ ಎನ್ನುತ್ತದೆ. ಚಿಕ್ಕ ಮಗುವಿಗೆ ಬುದ್ಧಿ ಕಡಿಮೆ ಎಂದಲ್ಲ, ಅದು ಯೋಚಿಸುವ ರೀತಿಯೇ ಬೇರೆ. ಸುರಿದು, ಮುಟ್ಟಿ, ಆಡಿ ಅದು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ.

ರಷ್ಯಾದ ಲೆವ್ ವೈಗೋಟ್‌ಸ್ಕಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಮಗು ಒಂಟಿಯಾಗಿ ಮಾಡಲಾಗದ್ದನ್ನು ತಿಳಿದವರು ಜೊತೆಗಿದ್ದು ಕೈಹಿಡಿದರೆ ಮಾಡುತ್ತದೆ, ನಾಳೆ ಅದನ್ನೇ ತಾನೊಬ್ಬನೇ ಮಾಡುತ್ತದೆ. ಈ ಕೈಹಿಡಿಯುವ ಮುಖ್ಯ ಸಾಧನ ಮಾತು. ಕ್ಷಯರೋಗದಿಂದ ಅವರು 37ನೇ ವಯಸ್ಸಿನಲ್ಲೇ, 1934ರಲ್ಲಿ ತೀರಿಕೊಂಡರು. ಅವರ ಈ ವಿಚಾರ ಇಂದಿಗೂ ಶಿಕ್ಷಕರ ತರಬೇತಿಯಲ್ಲಿ ಪಾಠವಾಗಿದೆ. ಹಾಗಾದರೆ ಅಜ್ಜಿ, ಅಮ್ಮ ತಮಗೆ ಸಲೀಸಾದ ಭಾಷೆ ಬಿಟ್ಟು ತಡವರಿಸುವ ಭಾಷೆಯಲ್ಲಿ ನಾಲ್ಕೇ ಪದ ಆಡಿದರೆ ಯಾರಿಗೆ ನಷ್ಟ? ಮಗುವಿಗೇ.

ಕನ್ನಡದಲ್ಲಿ ವಿಜ್ಞಾನ

1936ರಲ್ಲಿ ಕಾರಂತರು ಮಕ್ಕಳಿಗಾಗಿ ಬಾಲ ಪ್ರಪಂಚ ಎಂಬ ಮೂರು ಸಂಪುಟಗಳ ವಿಶ್ವಕೋಶ ತಂದರು. 1941ರಲ್ಲಿ ಸಿರಿಗನ್ನಡ ಅರ್ಥಕೋಶ ಬಂತು. ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳು 1959ರಿಂದ ಬರತೊಡಗಿದವು. ಇವುಗಳ ಜೊತೆಗೆ ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವ ಕಾದಂಬರಿಗಳು. ಮನೆಮಾತಿನಿಂದ ಶುರುವಾದ ಮನಸ್ಸು ಖಗೋಳ, ಪ್ರಾಣಿಶಾಸ್ತ್ರದವರೆಗೂ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅವರು ಇಂಗ್ಲಿಷನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಒಂದು ಭಾಷೆ ಇನ್ನೊಂದನ್ನು ಹೊರಗೆ ದಬ್ಬಲಿಲ್ಲ.

1968ರ ಮೂಕಜ್ಜಿಯ ಕನಸುಗಳು ಕಾದಂಬರಿಯಲ್ಲಿ ಮೊಮ್ಮಗನ ಪ್ರಶ್ನೆಗಳಿಗೆ ದಾರಿ ತೋರುವುದು ಒಬ್ಬಳು ಹಳ್ಳಿಯ ಅಜ್ಜಿ. ಆ ಕೃತಿಗೆ 1977ರ ಸಾಲಿನ ಜ್ಞಾನಪೀಠ ಬಂತು. ಕೊನೆಯ ದಶಕಗಳನ್ನು ಕಾರಂತರು ತಮ್ಮ ಊರಿನ ಪಕ್ಕದ ಸಾಲಿಗ್ರಾಮದಲ್ಲಿ ಕಳೆದರು. 90 ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಕೋಟತಟ್ಟಿನಲ್ಲಿ ಇಂದು ಅವರ ಹೆಸರಿನ ಥೀಮ್ ಪಾರ್ಕ್ ಇದೆ.

ಎರಡು ಭಾಷೆಯಿಂದ ಗೊಂದಲ ಆಗುತ್ತದೆಯೇ?

ಇಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 10 ವರ್ಷದ ಮಕ್ಕಳ ಮೇಲೆ ನಡೆದ, 1962ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿರಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ಹಾಗೆಂದು ಎರಡು ಭಾಷೆ ಕಲಿತರೆ ಬುದ್ಧಿ ಹೆಚ್ಚುತ್ತದೆ ಎಂದೂ ಫಾರ್ವರ್ಡ್ ಮಾಡಬೇಡಿ. ಆ ಲಾಭ ಎಷ್ಟು ಎಂಬ ಬಗ್ಗೆ ನಂತರದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ನಷ್ಟವಿಲ್ಲ ಎಂಬುದು ಮಾತ್ರ ಗಟ್ಟಿ.

ಎರಡು ಭಾಷೆ ಕಲಿಯುವ ಚಿಕ್ಕ ಮಗುವಿಗೆ ಒಂದೊಂದು ಭಾಷೆಯಲ್ಲಿ ಪದಗಳು ಸ್ವಲ್ಪ ಕಡಿಮೆ ಇರಬಹುದು. ಎರಡನ್ನೂ ಸೇರಿಸಿ ಎಣಿಸಿದರೆ ಕೊರತೆ ಕಾಣುವುದಿಲ್ಲ. ಎರಡನ್ನೂ ಬೆರೆಸಿ ಮಾತಾಡುವುದೂ ಸಹಜ. 1953ರಲ್ಲೇ ಯುನೆಸ್ಕೊ ವರದಿ ಶಿಕ್ಷಣಕ್ಕೆ ಮಾತೃಭಾಷೆಯೇ ಉತ್ತಮ ಮಾಧ್ಯಮ ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಲು ಹೇಳುತ್ತದೆ.

ಒಂದು ಎಚ್ಚರಿಕೆ: ಎರಡು ವರ್ಷ ತುಂಬಿದರೂ ಮಗು ಎರಡು ಪದ ಸೇರಿಸಿ ಮಾತಾಡದಿದ್ದರೆ, ಎರಡು ಭಾಷೆಯ ಕಾರಣದಿಂದ ಇರಬೇಕು ಎಂದು ಸುಮ್ಮನಿರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ.

ಒಟ್ಟಿನಲ್ಲಿ ನಾವು ಹೇಳುವುದಿಷ್ಟು. ಮಗು ಯಾವ ಮಾಧ್ಯಮದ ಶಾಲೆಗೇ ಹೋಗಲಿ, ಮನೆಯಲ್ಲಿ ಕುಂದಾಪ್ರ ಕನ್ನಡದಲ್ಲೇ ಧಾರಾಳವಾಗಿ ಮಾತಾಡಿ. ಕಥೆ ಹೇಳಿ, ಮಗು ಕೇಳಿದ್ದಕ್ಕೆ ಉತ್ತರ ಕೊಡಿ, ಉಬ್ಬರ ಇಳಿತ ತೋರಿಸಲು ಕಡಲಿಗೆ ಕರೆದುಕೊಂಡು ಹೋಗಿ. ಇಂಗ್ಲಿಷ್ ಅದರ ಮೇಲೆ ಕಟ್ಟಿಕೊಳ್ಳುತ್ತದೆ. ಮನೆಮಾತು ನಿಲ್ಲಿಸಿ ಎನ್ನುವ ಸಂದೇಶ ಇನ್ನೊಮ್ಮೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಕೋಟದ ಕಾರಂತರ ಈ ಕಥೆಯನ್ನು ಕಳಿಸಿ.